ತೈವಾನಿಗೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಕಡಲೆಬೀಜದ ಅಲರ್ಜಿ ಇರುವ ನಿನ್ನ ಮಗನನ್ನು, ನಮ್ಮ ಮರಿಯನ್ನು, ತೈವಾನಿಗೆ ಕರೆದೊಯ್ಯುವ ಮಾತಿಗೆ ಫೋನಿನಲ್ಲಿ ಇಬ್ಬರೂ ದನಿ ಏರಿಸಿದ್ದಾಯಿತು. "ಹಾಗಾದ್ರೆ ಮಗೂನ ಮನೇಲೇ ಕೂರಿಸ್ಕೊಳ್ಲಾ ಅಪ್ಪಾ?" ಅಂತ ನೀನು ಕೇಳಿದೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಹೇಳದೆ ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟುಬಿಟ್ಟೆ, ಬೇಜಾರು ಮಾಡ್ಕೋಬೇಡ. ಉತ್ತರ ಇಷ್ಟೇ: ಹೋಗಿ ಬನ್ನಿ. ಆದರೆ ಶನಿವಾರ ಸಿಂಗಪುರದಿಂದ ಹೊರಡುವ ಮುಂಚೆ ಇದನ್ನು ಪೂರ್ತಿ ಓದು, ಅಳಿಯಂದಿರಿಗೂ ಓದಿಸು.

ನಾವು ತೈವಾನಿನ ಶಿಂಚುವಿನಲ್ಲಿದ್ದ ದಿನಗಳ ಬಗ್ಗೆ ಬರೆಯುವುದಿಲ್ಲ, ನಿನಗೆ ಗೊತ್ತಿರುವುದೇ. ಮರಿಗೆ ಮೊದಲ ಸಲ ತುಟಿ ಊದಿಕೊಂಡ ರಾತ್ರಿಯ ಮಾತೂ ಬೇಡ. ನೀನು ಚಿಕ್ಕವಳಾಗಿದ್ದಾಗ ತಿಂದದ್ದನ್ನೆಲ್ಲ ಅವನಿಗೂ ತೋರಿಸುವ ಆಸೆ ಅರ್ಥವಾಗುತ್ತದೆ. ಆದರೆ ಆ ತಿಂಡಿಗಳನ್ನು ಒಂದೊಂದಾಗಿ ನೆನಪಿಸಿಕೋ, ಎಷ್ಟರಲ್ಲಿ ಕಡಲೆಬೀಜ ಇಲ್ಲ ಹೇಳು. ಅಲ್ಲಿ ಅದು ಕಾಳಾಗಿ ಕಣ್ಣಿಗೆ ಬೀಳುವುದಕ್ಕಿಂತ ಸಕ್ಕರೆ ಬೆರೆತ ಪುಡಿಯಾಗಿ ಬರುವುದೇ ಹೆಚ್ಚು. ಗ್ವಾ-ಬಾವ್ ಬನ್ನಿನ ಮೇಲೆ, ರುನ್-ಬಿಂಗ್ ಸುರುಳಿಯೊಳಗೆ, ಮೋಚಿ ಅನ್ನುವ ಅಕ್ಕಿ ಉಂಡೆಯ ಸುತ್ತ, ಎಲ್ಲ ಕಡೆ ಅದೇ ಪುಡಿ. ನೋಡಿದರೆ ಹುರಿದ ಹಿಟ್ಟು ಅಂದುಕೊಳ್ಳಬೇಕು.

ಜಿಯೂಫೆನ್‌ನ ಐಸ್‌ಕ್ರೀಮ್ ಸುರುಳಿಯನ್ನೇ ತೆಗೆದುಕೋ, ಅವನಿಗೆ ಫೋಟೋ ತೋರಿಸಿ ಆಸೆ ಹುಟ್ಟಿಸಿದ್ದೀಯಂತೆ. ಮಾಲ್ಟೋಸ್ ಪಾಕದಲ್ಲಿ ಕಡಲೆಬೀಜ ಹಾಕಿ ಗಟ್ಟಿ ಮಾಡಿದ ದೊಡ್ಡ ಅಚ್ಚು ಅಂಗಡಿಯ ಮುಂದೆಯೇ ಇರುತ್ತದೆ. ಬಡಗಿಯ ಕೀಸುಳಿಯಂಥದ್ದರಿಂದ ಅದನ್ನು ಹೆರೆಯುತ್ತಾರೆ. ಹೆರೆದದ್ದನ್ನು ತೆಳ್ಳಗಿನ ಗೋಧಿ ಹಾಳೆಯ ಮೇಲೆ ಹರಡಿ, ಐಸ್‌ಕ್ರೀಮ್ ಇಟ್ಟು, ಕೊತ್ತಂಬರಿ ಸೊಪ್ಪು ಉದುರಿಸಿ ಸುತ್ತಿ ಕೊಡುತ್ತಾರೆ. "ಕಡಲೆಬೀಜ ಬೇಡ" ಅಂದರೆ ಪಾಪ, ಒಳ್ಳೆಯ ಮನಸ್ಸಿನಿಂದಲೇ ಪುಡಿ ಹಾಕದೆ ಸುತ್ತಿಕೊಡುತ್ತಾರೆ. ಆದರೆ ಹಲಗೆ ಅದೇ, ಕೈಗವಸು ಅದೇ, ಐಸ್‌ಕ್ರೀಮ್ ಚಮಚ ಅದೇ. ಹಾಳೆಗಳ ಕಟ್ಟು ಇಡೀ ದಿನ ಅಚ್ಚಿನ ಪಕ್ಕದಲ್ಲೇ ಇರುತ್ತದೆ. ಆದ್ದರಿಂದ ಇದಕ್ಕೆ "ಬಿಟ್ಟು ಮಾಡಿಕೊಡಿ" ಅನ್ನುವ ದಾರಿಯೇ ಇಲ್ಲ. ನೀವು ದೊಡ್ಡವರು ಕೂಡ ಅವನ ಮುಂದೆ ತಿನ್ನಬೇಡಿ. ತಿಂದೇ ತೀರಬೇಕು ಅಂದರೆ ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಸ್ಯಾನಿಟೈಸರ್ ಕಡಲೆಬೀಜದ ಪ್ರೋಟೀನನ್ನು ತೆಗೆಯುವುದಿಲ್ಲ, ಕೈತುಂಬ ಹರಡುತ್ತದೆ ಅಷ್ಟೇ. ಸೋಪು-ನೀರು, ಇಲ್ಲದಿದ್ದರೆ ಒದ್ದೆ ವೈಪ್ಸ್. ತಿಂದ ಬಾಯಲ್ಲಿ ಅವನಿಗೆ ಮುತ್ತು ಕೊಡುವುದೂ ಬೇಡ.

ವಾಸನೆಯಿಂದಲೇ ದೊಡ್ಡ ಅನಾಹುತವಾಗುವುದು ಅಪರೂಪ, ಅದು ನನಗೂ ಗೊತ್ತು. ಮೇಜಿನ ಪುಡಿ ಕೈಗಂಟಿ, ಕೈ ಬಾಯಿಗೆ ಹೋಗುವುದೇ ನನ್ನ ಹೆದರಿಕೆ. ಆರು ವರ್ಷದ ಹುಡುಗ, ಕೈ ಎಲ್ಲೆಲ್ಲಿ ಹೋಗುತ್ತದೋ.

ಅದಕ್ಕೇ ಬೇಪುವಿನ ಲೈ-ಚಾ ಬೇಡ ಅಂತ ಅಷ್ಟು ಹಟ ಹಿಡಿದದ್ದು. ಹಾಕಾ ಜನರ ಊರು, ಹಳೆಯ ಮನೆಗಳು, ನೋಡಲೇಬೇಕು, ಸರಿ. ಆದರೆ ಲೈ-ಚಾ ಅಂಗಡಿಯಲ್ಲಿ ಪ್ರತಿ ಮೇಜಿನಲ್ಲೂ ಗೀರುಗಳಿರುವ ಮಣ್ಣಿನ ಬೋಗುಣಿ ಇಟ್ಟು, ಚಹಾ ಎಲೆ, ಎಳ್ಳು, ಕಡಲೆಬೀಜ ಹಾಕಿ ಗಿರಾಕಿಗಳ ಕೈಯಲ್ಲೇ ಅರೆಸುತ್ತಾರೆ. ಎಣ್ಣೆ ಬಿಟ್ಟು ಮುದ್ದೆಯಾಗುವವರೆಗೂ ಅರೆಯಬೇಕು, ಆಮೇಲೆ ಬಿಸಿನೀರು, ಮೇಲೆ ಹುರಿದ ಅಕ್ಕಿ. ಮಕ್ಕಳಿಗೆ ಭಾರಿ ಖುಷಿ. ಹಾಗಾಗಿಯೇ ಮೇಜು, ಕುರ್ಚಿ, ಒನಕೆ ಎಲ್ಲಕ್ಕೂ ಮಕ್ಕಳ ಕೈಯಿಂದ ಮೆತ್ತಿಕೊಂಡಿರುತ್ತದೆ. ಅಂಗಡಿಯೊಳಗೆ ಹೋಗಲೇಬೇಡಿ. ಬದಲಿಗೆ ಚಹಾ ಮಾತ್ರ ಮಾರುವ ಕಡೆ ಕುಳಿತು ಡಾಂಗ್‌ಫಾಂಗ್ ಮೇರೆನ್ ಕುಡಿಯಿರಿ. ಪುಟ್ಟ ಹಸಿರು ಜಿಗಿಹುಳು ಎಲೆಯ ರಸ ಹೀರಿದ ಮೇಲೆಯೇ ಅದಕ್ಕೆ ಜೇನಿನ ಘಮ ಬರುವುದು, ಆದ್ದರಿಂದ ಅಂಥ ತೋಟಕ್ಕೆ ಕೀಟನಾಶಕ ಹೊಡೆಯುವಂತಿಲ್ಲ. ಮರಿಗೆ ಹುಳುವಿನ ಕತೆ ಹೇಳು, ಲೈ-ಚಾ ಮರೆತುಬಿಡುತ್ತಾನೆ.

ನಿಮ್ಮ ಅತ್ತೆಯವರ ವಿಷಯ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಸ್ಯಾಹಾರ ತೈವಾನಿನಲ್ಲಿ ಸಿಕ್ಕಷ್ಟು ಸುಲಭವಾಗಿ ಬೇರೆ ಕಡೆ ಸಿಗುವುದು ಕಷ್ಟ, ಆ ಚಿಂತೆ ಬಿಡು. ಪೊಟ್ಟಣದ ಮೇಲೆ "ಚ್ವೆನ್-ಸು" ಅಥವಾ "ಚುನ್-ಸು" ಅಂತಿದ್ದರೆ ಮೊಟ್ಟೆ, ಹಾಲು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ. ಬೌದ್ಧರ ಹಳೆಯ ನಿಷೇಧದ ಪಟ್ಟಿಯಲ್ಲಿ ಇಂಗೂ ಇದೆ ಅಂತ ಮಾತ್ರ ಅತ್ತೆಯವರಿಗೆ ಹೇಳಬೇಡ, ವಾದ ಶುರುವಾಗುತ್ತದೆ. ಸಸ್ಯಾಹಾರಿ ಹೋಟೆಲುಗಳ ಬೋರ್ಡಿನ ಮೇಲೆ ಸ್ವಸ್ತಿಕ ಇರುವುದು ಸಾಮಾನ್ಯ.

ಆದರೆ ಅವರಿಗೆ ಒಗ್ಗುವುದು ಮೊಮ್ಮಗನಿಗೆ ಒಗ್ಗುವುದಿಲ್ಲ. ಮಾಂಸ ಬಿಟ್ಟ ಅಡುಗೆಯಲ್ಲಿ ಕಡಲೆಬೀಜ ಬೀಳುವುದು ಇನ್ನೂ ಜಾಸ್ತಿ. ಸಸ್ಯಾಹಾರಿ ಅಂದ ತಕ್ಷಣ ಮಗುವಿಗೂ ಸರಿ ಅಂದುಕೊಂಡು ತಮ್ಮ ತಟ್ಟೆಯಿಂದ ಒಂದು ತುತ್ತು ಕೊಡುತ್ತಾರೆ. "ಒಂಚೂರು ತಿಂದ್ರೆ ಏನೂ ಆಗಲ್ಲ" ಅನ್ನುವ ಮಾತು ಅವರ ಬಾಯಲ್ಲಿ ನಾನೇ ಕೇಳಿದ್ದೇನೆ. ಅವರಿಗೆ ನೀನು ಹೇಳಬೇಡ, ಅಳಿಯಂದಿರು ಹೇಳಲಿ, ಹೊರಡುವ ಮುಂಚೆಯೇ ಹೇಳಲಿ. ಅಲ್ಲಿ ಬೀದಿಯ ನಡುವೆ ಹೇಳಿದರೆ ಅವಮಾನವಾಗುತ್ತದೆ.

ಹಾಗಾದರೆ ಅವನು ತಿನ್ನಬಹುದಾದ್ದೇನು? ಬೆನ್ನು ತುಂಬ ತಿಂಡಿ ಹೊತ್ತುಕೊಂಡೇ ಹೋಗಿ, ಅದು ಮೊದಲ ಮಾತು. ಆಮೇಲೆ, ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ್ದು. 2020ರ ಜುಲೈ 1ರಿಂದ ತೈವಾನಿನಲ್ಲಿ ಅಲರ್ಜಿ ತರುವ 11 ಬಗೆಯ ಪದಾರ್ಥಗಳನ್ನು ಪೊಟ್ಟಣದ ಮೇಲೆ ಬರೆಯುವುದು ಕಡ್ಡಾಯ, ಕಡಲೆಬೀಜ ಅದರಲ್ಲಿದೆ. ಬೀದಿ ಗಾಡಿಯವರು ಯಾವ ಲೇಬಲ್ ಅಂಟಿಸುತ್ತಾರೆ? ಬಾಣಲೆಯಲ್ಲಿರುವುದು ಕಡಲೆಕಾಯಿ ಎಣ್ಣೆಯೋ ಸೋಯಾ ಎಣ್ಣೆಯೋ ಎಂದು ಅವರನ್ನೇ ಕೇಳಬೇಕು.

ಲೂಗಾಂಗ್‌ನಲ್ಲಿ "ಫೆಂಗ್-ಯೆನ್-ಗಾವ್" ಅಂತ ಸಿಗುತ್ತದೆ, ಹುರಿದ ಅಕ್ಕಿಹಿಟ್ಟಿಗೆ ಸಕ್ಕರೆಪುಡಿ ಸೇರಿಸಿ ಮರದ ಅಚ್ಚಿನಲ್ಲಿ ಒತ್ತಿದ ಕಣ್ಣಿನಾಕಾರದ ಬಿಲ್ಲೆ. ಎಣ್ಣೆ ಇಲ್ಲ, ಮೊಟ್ಟೆ ಇಲ್ಲ. ಬಾಯಿಗಿಟ್ಟರೆ ಕರಗಿಹೋಗುತ್ತದೆ, ಒಣಗಿದ್ದರಿಂದ ನೆತ್ತಿಗೇರುತ್ತದೆ ಕೂಡ, ನೀರು ಪಕ್ಕದಲ್ಲಿರಲಿ. ಬಿಡಿಯಾಗಿ ಕೊಳ್ಳಬೇಡ, ಡಬ್ಬಿ ತಗೋ, ಲೇಬಲ್ ನೋಡು. 1877ರಿಂದ ಇರುವ ಯೂ-ಜೆನ್-ಜಾಯ್ ಅಂಗಡಿ ಇದಕ್ಕೆ ಹೆಸರುವಾಸಿ. ಅದೇ ಊರಿನ ಮಿಯೆನ್-ಚಾ, ನಮ್ಮ ಹುರಿಹಿಟ್ಟಿನಂತೆ ಬಿಸಿನೀರಿಗೆ ಕಲಸುವುದು, ಅದರಲ್ಲಿ ಹಂದಿಕೊಬ್ಬು ಮತ್ತು ಈರುಳ್ಳಿ ಇರಬಹುದು, ಅತ್ತೆಯವರಿಗಾಗಿ ಕೇಳಿ ತಗೋ. ಎತ್ತಿನ ನಾಲಿಗೆ ಅನ್ನುವ ಬಿಸ್ಕತ್ತಿನಲ್ಲಿ ಎತ್ತೂ ಇಲ್ಲ ನಾಲಿಗೆಯೂ ಇಲ್ಲ, ಆಕಾರ ಮಾತ್ರ. ಲೂಗಾಂಗ್‌ಗೆ ರೈಲಿಲ್ಲ, ಚಾಂಗ್‌ಹುವಾದಿಂದ ಬಸ್ಸೇ ಗತಿ. 1784ರಲ್ಲಿ ಸರ್ಕಾರ ವ್ಯಾಪಾರಕ್ಕೆ ತೆರೆದ ದೊಡ್ಡ ಬಂದರು, ಹೂಳು ತುಂಬಿ ಕೆಟ್ಟಿತು, 1908ಕ್ಕೆ ಮುಗಿದ ರೈಲುದಾರಿಯೂ ಅತ್ತ ಸುಳಿಯಲಿಲ್ಲ. ಹಳೆಯ ಬೀದಿ ಹಾಗೇ ಉಳಿದುಕೊಂಡದ್ದು ಅದರಿಂದಲೇ.

ಜಿಯೂಫೆನ್‌ನಲ್ಲಿ ಕೆಸುವಿನ ಉಂಡೆಗೆ ಒಪ್ಪುತ್ತೇನೆ, ಅರೆಮನಸ್ಸಿನಿಂದ. ಬೇಯಿಸಿದ ಕೆಸುವನ್ನು ಬಿಸಿಯಿರುವಾಗಲೇ ಗೆಣಸಿನ ಪಿಷ್ಟದ ಜೊತೆ ನಾದಿ, ಹೊಸೆದು, ತುಂಡು ಮಾಡಿ ಕುದಿಸಿ ತೇಲಿದಾಗ ತೆಗೆಯುತ್ತಾರೆ. ಉಂಡೆಯಲ್ಲಿ ದೋಷವಿಲ್ಲ. ಜೊತೆಗೆ ಹಾಕುವ ಕೆಂಪು ಕಾಳು, ಹೆಸರುಕಾಳುಗಳ ಪಕ್ಕದ ಪಾತ್ರೆಯಲ್ಲೇ ಬೇಯಿಸಿದ ಕಡಲೆಬೀಜವೂ ಇರಬಹುದು, ಸೌಟು ಒಂದೇ ಇರಬಹುದು. ಮೊದಲು ನಿಂತು ನೋಡು. ಕಡಲೆಬೀಜ ಕಂಡರೆ ಮುಂದಿನ ಅಂಗಡಿ. ತೈನಾನ್‌ನಲ್ಲಿ ಟೋಫು ಪಾಯಸಕ್ಕೂ ಇದೇ ನಿಯಮ. ಕೊಡುವುದಾದರೆ ಉಂಡೆಯನ್ನು ಅರ್ಧ ಮಾಡಿ ಕೊಡು, ಅಂಟಂಟು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಚೀನೀ ಅಕ್ಷರದಲ್ಲಿ ಕಾರ್ಡು ಬರೆದು ಇದರೊಳಗೆ ಇಟ್ಟಿದ್ದೇನೆ. "ಹುವಾ-ಶೆಂಗ್" ಅಂತಲೂ ಇದೆ, ಲೂಗಾಂಗ್‌ನ ಅಜ್ಜ ಅಜ್ಜಿಯರು ಆಡುವ "ತೋ-ತಾವ್" ಅಂತಲೂ ಇದೆ. ಬಾಯಲ್ಲಿ ಹೇಳಬೇಡ, ಕಾರ್ಡು ತೋರಿಸು, ಅವರು ಓದಿ ತಲೆಯಾಡಿಸುವವರೆಗೂ ದುಡ್ಡು ಕೊಡಬೇಡ.

ಇನ್ನು ಆಗಬಾರದ್ದು ಆದರೆ. ಕಳೆದ ಸಲ ನೀನು ಕೈ ನಡುಗದೆ ಅಡ್ರಿನಾಲಿನ್ ಇಂಜೆಕ್ಷನ್ ಪೆನ್ನು ಚುಚ್ಚಿದೆ, ನಿನ್ನ ಜಾಗದಲ್ಲಿ ನಾನಿದ್ದರೆ ಆಗುತ್ತಿರಲಿಲ್ಲ, ಅದನ್ನು ನಿನಗೆ ಎಂದೂ ಹೇಳಿರಲಿಲ್ಲ. ಆದರೂ ಬರೆಯುತ್ತೇನೆ, ಬೈದುಕೋ. 0.15 ಮಿಲಿಗ್ರಾಂ ಪೆನ್ನು ಎರಡು, ಎರಡೂ ಒಂದೇ ಚೀಲದಲ್ಲಿ, ಆ ಚೀಲ ಅವನ ಜೊತೆಗಿರುವ ದೊಡ್ಡವರ ಹೆಗಲಲ್ಲಿ. ಹೋಟೆಲ್ ರೂಮಿನಲ್ಲಲ್ಲ, ಕಾರಿನಲ್ಲಲ್ಲ. 25 ಡಿಗ್ರಿಗಿಂತ ಬಿಸಿ ಆಗಬಾರದು, ಫ್ರಿಜ್ಜಿನಲ್ಲೂ ಇಡಬಾರದು. ವಿಮಾನದಲ್ಲಿ ಕೈಚೀಲದಲ್ಲಿರಲಿ, ಡಾಕ್ಟರ ಪತ್ರವೂ ಇರಲಿ. ಉಸಿರಾಟಕ್ಕೆ ತೊಂದರೆ, ಮೇಲಿಂದ ಮೇಲೆ ವಾಂತಿ, ಮಂಪರು, ಯಾವುದು ಕಂಡರೂ ತೊಡೆಯ ಹೊರಭಾಗಕ್ಕೆ ಚುಚ್ಚು, ಚಡ್ಡಿಯ ಮೇಲೇ ಆದರೂ ಸರಿ. ಅಲರ್ಜಿ ಸಿರಪ್ ಕುಡಿಸಿ ಕಾಯುತ್ತ ಕೂರಬೇಡ, ಅದು ತುರಿಕೆಗೆ ಮಾತ್ರ. ಮಲಗಿಸಿ ಕಾಲು ಎತ್ತರಿಸು. ಉಸಿರು ಕಟ್ಟುತ್ತಿದ್ದರೆ ಕೂರಿಸು, ನಿಲ್ಲಿಸಬೇಡ, ನಡೆಸಬೇಡ. 5ರಿಂದ 15 ನಿಮಿಷದಲ್ಲಿ ಸುಧಾರಿಸದಿದ್ದರೆ ಎರಡನೆಯದು. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಗಂಟೆಗಳ ಮೇಲೆ ಮತ್ತೆ ಮರುಕಳಿಸಬಹುದು.

ಆಂಬುಲೆನ್ಸ್ 119. ಅಂಗಡಿಯವರಿಂದಲೇ ಫೋನ್ ಮಾಡಿಸು, ವಿಳಾಸ ಅವರೇ ಸರಿಯಾಗಿ ಹೇಳುತ್ತಾರೆ. ಜಿಯೂಫೆನ್‌ನ ಬೀದಿ ಮೆಟ್ಟಿಲಿನ ಬೀದಿ, ವಾಹನ ಒಳಗೆ ಬರುವುದಿಲ್ಲ, ಭಾನುವಾರವಾದರೆ ನಡೆಯುವುದಕ್ಕೇ ಜಾಗವಿರುವುದಿಲ್ಲ. ಒಬ್ಬರು ಮರಿಯ ಪಕ್ಕದಲ್ಲಿರಿ, ಇನ್ನೊಬ್ಬರು ಬೀದಿ ಶುರುವಾಗುವಲ್ಲಿನ ಸೆವೆನ್-ಇಲೆವೆನ್ ಹತ್ತಿರ, ರಸ್ತೆಗೆ ಓಡಿಹೋಗಿ ಅವರನ್ನು ಕರೆತನ್ನಿ. ಆ ಕಡೆಗೆ ದೊಡ್ಡ ಆಸ್ಪತ್ರೆ ಕೀಲುಂಗ್‌ನ ಚಾಂಗ್ ಗುಂಗ್. ಬೇಪುವಿನಲ್ಲಿದ್ದರೆ ಜುಡಾಂಗ್‌ಗೆ. ವಾರದ ದಿನ, ಬೆಳಿಗ್ಗೆ ಬೇಗ ಹೋದರೆ ಇದೆಲ್ಲದಕ್ಕೂ ಅರ್ಧ ಪರಿಹಾರ. ಚಳಿಗಾಲದಲ್ಲಿ ಅಲ್ಲಿ ಮಳೆ ನಿಲ್ಲುವುದಿಲ್ಲ, ಮೆಟ್ಟಿಲು ಜಾರುತ್ತದೆ, ಅತ್ತೆಯವರ ಮಂಡಿಗೆ ಕೋಲು ಇರಲಿ.

ಬಸವನಗುಡಿಯ ಕಡಲೆಕಾಯಿ ಪರಿಷೆಯ ದಿನಗಳಲ್ಲಿ ಅವನನ್ನು ಊರಿಗೆ ಕರೆತರಬೇಡ ಅಂದವನು ನಾನೇ, ಈಗ ಊರೂರಿಗೇ ಪರಿಷೆಯಿರುವ ದೇಶಕ್ಕೆ ಹೊರಟಿದ್ದೀರಿ. ನನಗೆ ಭಯವಾಗದೆ ಇನ್ನೇನಾಗಬೇಕು?

ಪೆನ್ನುಗಳ ಎಕ್ಸ್‌ಪೈರಿ ತಿಂಗಳು ಇವತ್ತೇ ನೋಡು. ಪೆನ್ನಿನ ಕಿಟಕಿಯಲ್ಲಿ ಔಷಧಿ ತಿಳಿನೀರಿನ ಹಾಗಿರಬೇಕು, ಕಂದು ಬಣ್ಣ ತಿರುಗಿದ್ದರೆ ಬದಲಾಯಿಸು. ಎರಡರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸು, ನಿಮ್ಮಮ್ಮನಿಗಲ್ಲ, ನನಗೆ.

ಅಪ್ಪ