ಗೇರ್ ‘ಪಿ’ಯಿಂದ ಬಿಡಲಿಲ್ಲ, ಬ್ರೇಕ್ ಲೈಟ್ ಯಾರೂ ನೋಡಲಿಲ್ಲ: ಸರ್ವೀಸ್ ಸೆಂಟರ್‌ಗೆ ಒಂದು ದೂರು

ಇಂದ,
ನಿಮ್ಮ ಗ್ರಾಹಕಿ, ಮಡಿಕೇರಿ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಆಟೋಮ್ಯಾಟಿಕ್ ಗೇರ್ ಲಿವರ್ ‘ಪಿ’ಯಲ್ಲೇ (ಪಾರ್ಕಿಂಗ್ ಸ್ಥಾನದಲ್ಲೇ) ಸಿಕ್ಕಿಕೊಳ್ಳುವ ತೊಂದರೆಗೆ ಬೇಡದ ರಿಪೇರಿ ಮಾಡಿ ₹31,860 ಪಡೆದದ್ದು ಹಾಗೂ ಬ್ರೇಕ್ ಲೈಟ್ ಪರೀಕ್ಷಿಸದೆ ಗಾಡಿ ಕೊಟ್ಟದ್ದು.

ಮಾನ್ಯರೇ,

ನಿಮ್ಮ ಮೈಸೂರಿನ ವರ್ಕ್‌ಶಾಪ್ ನನ್ನ ಗಾಡಿಯ ಗೇರ್ ಲಿವರ್ ಅಸೆಂಬ್ಲಿಯನ್ನೇ ಪೂರ್ತಿ ಬದಲಾಯಿಸಿ 31,860 ರೂಪಾಯಿ ಬಿಲ್ ಮಾಡಿತು. ಹನ್ನೊಂದೇ ದಿನಕ್ಕೆ ಅದೇ ತೊಂದರೆ ಮತ್ತೆ ಬಂತು. ಕೊನೆಗೆ ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಅರ್ಧ ಗಂಟೆಯೊಳಗೆ ಕಾರಣ ಹುಡುಕಿದರು. ಕೆಟ್ಟಿದ್ದು ಬ್ರೇಕ್ ಪೆಡಲ್ ಮೇಲ್ಗಡೆ ಇರುವ ಹೆಬ್ಬೆರಳಿನಷ್ಟು ದೊಡ್ಡ ಸ್ವಿಚ್. ಕೂಲಿ ಸೇರಿ 850 ರೂಪಾಯಿ. ದುಡ್ಡು ಹೋದ ಸಂಕಟ ನನಗಿದೆ, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕಿಂತ ಜಾಸ್ತಿ ಕಾಡುತ್ತಿರುವುದು ಇನ್ನೊಂದು. ಆ ಸ್ವಿಚ್ ಕೈಕೊಟ್ಟರೆ ಹಿಂದಿನ ಬ್ರೇಕ್ ಲೈಟೂ ಉರಿಯುವುದಿಲ್ಲ. ಜುಲೈ ಮಳೆಯಲ್ಲಿ, ಕೊಡಗಿನ ಮಂಜಿನಲ್ಲಿ, ನಾನು ಬ್ರೇಕ್ ಲೈಟ್ ಇಲ್ಲದ ಗಾಡಿ ಓಡಿಸಿದ್ದೇನೆ. ‘ಎಲ್ಲಾ ಚೆಕ್ ಮಾಡಿದೀವಿ ಮೇಡಂ’ ಎಂಬ ನಿಮ್ಮವರ ಮಾತು ನಂಬಿ.

ನನ್ನ ಎಡ ಮೊಣಕಾಲಿಗೆ ಆಪರೇಷನ್ ಆಗಿದೆ. ಕ್ಲಚ್ ಒತ್ತಲು ಆಗುವುದಿಲ್ಲ. ನಾಲ್ಕು ವರ್ಷದ ಹಿಂದೆ ನಿಮ್ಮಲ್ಲಿ ಕ್ಲಚ್ ಪೆಡಲೇ ಇಲ್ಲದ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಗಾಡಿ ಕೊಂಡಿದ್ದು ಅದಕ್ಕೇ. ಅದು ಇರುವುದರಿಂದಲೇ ನಾನು ಯಾರನ್ನೂ ಕೇಳದೆ ಕೆಲಸಕ್ಕೆ, ಸಂತೆಗೆ, ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆಗುತ್ತದೆ. ಈಗ 41,000 ಕಿಲೋಮೀಟರ್ ಓಡಿದೆ. ಪ್ರತಿ ಸರ್ವೀಸೂ ನಿಮ್ಮಲ್ಲೇ.

ಜುಲೈ ಮೊದಲ ವಾರ, ಬೆಳಗ್ಗೆ ಏಳು ಗಂಟೆ. ಕೀ ತಿರುಗಿಸಿದೆ, ಇಂಜಿನ್ ಸ್ಟಾರ್ಟ್ ಆಯಿತು. ಬ್ರೇಕ್ ಒತ್ತಿ ಲಿವರಿನ ಗುಂಡಿ ಅದುಮಿದೆ. ಗುಂಡಿ ಒಳಗೆ ಹೋಗಲೇ ಇಲ್ಲ, ಕಲ್ಲು ಒತ್ತಿದ ಹಾಗೆ. ಆಫ್ ಮಾಡಿ ಮತ್ತೆ ನೋಡಿದೆ. ಏಳೆಂಟು ಸಲ ಮಾಡಿದೆ. ಅಮ್ಮ ಪಕ್ಕದ ಸೀಟಿನಲ್ಲಿ ಫೈಲ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಿಮ್ಮ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಮಾತಾಡಿದ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು, ಅವಳ ಮೇಲೆ ನನ್ನ ದೂರಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ‘ಬ್ರೇಕ್ ಸರಿಯಾಗಿ ಒತ್ತಿ’ ಎಂದಳು, ‘ಬೇರೆ ಚಪ್ಪಲಿ ಹಾಕ್ಕೊಂಡು ನೋಡಿ’ ಎಂದಳು, ಆಮೇಲೆ ಟೋ ಮಾಡಿಸಿ ಎಂದಳು. ‘ಬ್ರೇಕ್ ಒತ್ತಿದಾಗ ಹಿಂದೆ ಕೆಂಪು ಲೈಟ್ ಬರ್ತಿದೆಯಾ ನೋಡಿ’ ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಮ್ಮ ಇಳಿದು ಹಿಂದೆ ನಿಂತು ನೋಡಿ ಹೇಳುತ್ತಿದ್ದರು.

ಟೋ ಗಾಡಿಯ ಡ್ರೈವರ್ ಬಂದು ಲಿವರ್ ಪಕ್ಕದ ಸಣ್ಣ ಪ್ಲಾಸ್ಟಿಕ್ ಮುಚ್ಚಳ ಎಬ್ಬಿಸಿದರು. ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿಯಿರಿ ಎಂದು ನನಗೆ ಹೇಳಿ, ಆ ತೂತಿಗೆ ಸ್ಕ್ರೂಡ್ರೈವರ್ ತುದಿ ಹಾಕಿ ಒತ್ತಿದರು. ಲಿವರ್ ಸುಲಭವಾಗಿ ‘ಎನ್’ಗೆ (ನ್ಯೂಟ್ರಲ್) ಬಂತು. ಹೀಗೊಂದು ದಾರಿ ಇದೆ ಎಂದು ನಾಲ್ಕು ವರ್ಷದಲ್ಲಿ ನಿಮ್ಮವರು ಯಾರೂ ನನಗೆ ತೋರಿಸಿರಲಿಲ್ಲ, ಗಾಡಿ ಡೆಲಿವರಿ ಕೊಟ್ಟ ದಿನವೂ ಇಲ್ಲ. ಅಲ್ಲಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಟೋ ಖರ್ಚು 7,500 ರೂಪಾಯಿ. ಅಮ್ಮನ ಅಪಾಯಿಂಟ್‌ಮೆಂಟ್ ತಪ್ಪಿತು.

ವರ್ಕ್‌ಶಾಪಿನಲ್ಲಿ ನಿಮ್ಮ ಸರ್ವೀಸ್ ಅಡ್ವೈಸರ್ ಮೊದಲು ಹೇಳಿದ್ದು, ನಾನು ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ‘ಪಿ’ಗೆ ಹಾಕಿರಬೇಕು ಅಂತ. ಮಡಿಕೇರಿಯವಳು ಅಂದ ತಕ್ಷಣ ಬಂದ ತೀರ್ಮಾನ ಅದು. ನಮ್ಮೂರಿನಲ್ಲಿ ಸಮತಟ್ಟು ಜಾಗ ಕಡಿಮೆ, ನಿಜ. ಅದಕ್ಕೇ ನಾವು ಹ್ಯಾಂಡ್‌ಬ್ರೇಕ್ ಮರೆಯುವುದಿಲ್ಲ. ಇಳಿಜಾರಿನಲ್ಲಿ ಗಾಡಿಯ ಭಾರವೆಲ್ಲ ಗೇರ್‌ಬಾಕ್ಸ್ ಒಳಗಿನ ಕೊಕ್ಕೆಯ ಮೇಲೆ ಬಿದ್ದರೆ ಲಿವರ್ ಬಿಗಿಯಾಗುತ್ತದೆ, ಜೋರಾಗಿ ಎಳೆದಾಗ ‘ದಡ್’ ಎಂದು ಬಿಡುತ್ತದೆ. ನನ್ನದು ಹಾಗಿರಲಿಲ್ಲ. ಗುಂಡಿಯೇ ಒತ್ತಲು ಆಗುತ್ತಿರಲಿಲ್ಲ. ಇದನ್ನು ಎರಡು ಸಲ ಹೇಳಿದೆ. ಜಾಬ್ ಕಾರ್ಡಿನಲ್ಲಿ ಬರೆದುಕೊಂಡಿದ್ದು ಮಾತ್ರ ‘ಗೇರ್ ಟೈಟ್’ ಎಂದು.

ಮಧ್ಯಾಹ್ನದ ಹೊತ್ತಿಗೆ ಲಿವರ್ ತಾನಾಗಿಯೇ ಸರಿಯಾಗಿ ಕೆಲಸ ಮಾಡತೊಡಗಿತ್ತು. ಆಗಲೇ ಅನುಮಾನ ಬರಬೇಕಿತ್ತು, ಅಲ್ವಾ? ಒಮ್ಮೆ ಆಗಿ ಒಮ್ಮೆ ಆಗದ ತೊಂದರೆಗೆ ವೈರಿಂಗೋ ಸ್ವಿಚ್ಚೋ ನೋಡುವುದು ಬಿಟ್ಟು ಇಡೀ ಅಸೆಂಬ್ಲಿ ಬದಲಾಯಿಸಬೇಕು ಎಂದರು. ವಾರಂಟಿ ಮುಗಿದಿತ್ತು. ನಾನು ಒಪ್ಪಿದೆ. ಹಳೇ ಪಾರ್ಟ್ ಕೇಳಿದಾಗ ‘ಸ್ಕ್ರ್ಯಾಪ್‌ಗೆ ಹೋಯ್ತು’ ಎಂಬ ಉತ್ತರ ಬಂತು.

ಗಾಡಿ ತೆಗೆದುಕೊಂಡು ವಾಪಸ್ ಬರುವಾಗ ಸುಂಟಿಕೊಪ್ಪದ ಹತ್ತಿರ ಒಂದು ಪಿಕಪ್ ನನ್ನ ಗಾಡಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು. ಅದರ ಡ್ರೈವರ್ ಪಕ್ಕಕ್ಕೆ ಬಂದು, ‘ಬ್ರೇಕ್ ಹಾಕಿದ್ದು ಹಿಂದೆ ಗೊತ್ತೇ ಆಗ್ಲಿಲ್ಲ!’ ಎಂದು ಕೂಗಿದರು. ಮಳೆ ಜೋರಿತ್ತು. ಮಂಜಿಗೆ ಕಾಣಲಿಲ್ಲವೇನೋ ಅಂದುಕೊಂಡೆ. ಆ ದಿನವೇ ಸರ್ವೀಸ್ ಸೆಂಟರಿನಿಂದ ಬಂದ ಗಾಡಿ, ಲೈಟ್ ಉರಿಯುತ್ತಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಈಗ ನೆನೆದರೆ ಕೈ ನಡುಗುತ್ತದೆ. ಹಿಂದಿನ ಸೀಟಿನಲ್ಲಿ ನನ್ನ ತಂಗಿಯ ಮಗು ಮಲಗಿತ್ತು.

ಹನ್ನೊಂದು ದಿನದ ಮೇಲೆ ಗಾಡಿ ಮತ್ತೆ ‘ಪಿ’ಯಲ್ಲಿ ನಿಂತಿತು. ಈ ಸಲ ನಾನು ನಿಮಗೆ ಫೋನ್ ಮಾಡಲಿಲ್ಲ. ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಬಂದು ಬಾನೆಟ್ ಕೂಡ ತೆಗೆಯಲಿಲ್ಲ. ‘ಅಕ್ಕ, ನೀವು ಬ್ರೇಕ್ ಒತ್ತಿ’ ಎಂದು ಹಿಂದಕ್ಕೆ ಹೋಗಿ ನಿಂತರು. ‘ಬಿಡಿ. ಒತ್ತಿ. ಬಿಡಿ.’ ಆಮೇಲೆ ಕಿಟಕಿಯ ಹತ್ತಿರ ಬಂದು, ‘ಮೂರು ಲೈಟಲ್ಲಿ ಒಂದೂ ಇಲ್ಲ ಅಕ್ಕ’ ಎಂದರು. ಮೂರೂ ಬಲ್ಬ್ ಒಟ್ಟಿಗೆ ಹೋಗುವುದಿಲ್ಲ ಎಂದು ಹೇಳಿ ಫ್ಯೂಸ್ ತೆಗೆದು ನೋಡಿದರು. ಅದು ಚೆನ್ನಾಗಿತ್ತು. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಪೆಡಲ್ ಕೆಳಗೆ ತಲೆ ಹಾಕಿ ಆ ಸ್ವಿಚ್ ಬಿಚ್ಚಿದರು. ಒಳಗಿನ ಒಂದು ಪಿನ್ ಸುಟ್ಟು ಕಪ್ಪಾಗಿತ್ತು. ಥಂಡಿಯ ಬೆಳಗ್ಗೆ ಕನೆಕ್ಷನ್ ಸಿಗುತ್ತಿರಲಿಲ್ಲ, ಬಿಸಿಲು ಬಂದರೆ ಕೆಲವೊಮ್ಮೆ ಸಿಗುತ್ತಿತ್ತು.

ಅವರು ನನಗೆ ಬಿಡಿಸಿ ಹೇಳಿದ್ದು ಇಷ್ಟು. ಬ್ರೇಕ್ ಒತ್ತಿದಾಗ ಆ ಸ್ವಿಚ್‌ನಿಂದಲೇ ಬ್ರೇಕ್ ಲೈಟಿಗೂ ಸುದ್ದಿ ಹೋಗುತ್ತದೆ, ಗೇರ್ ಲಿವರ್ ಕೆಳಗಿದ್ದು ಕರೆಂಟಿನಿಂದ ಲಿವರಿನ ಬೀಗ ತೆಗೆಯುವ ಸೊಲೆನಾಯ್ಡ್‌ಗೂ ಹೋಗುತ್ತದೆ. ಸೊಲೆನಾಯ್ಡ್‌ಗೆ 12 ವೋಲ್ಟ್ ಬಂದರೆ ‘ಟಕ್’ ಎಂದು ಬೀಗ ಬಿಡುತ್ತದೆ, ಆಗ ಗುಂಡಿ ಒತ್ತಬಹುದು. ಲೈಟೂ ಇಲ್ಲ, ‘ಟಕ್’ ಶಬ್ದವೂ ಇಲ್ಲ ಎಂದರೆ ಮೊದಲು ಫ್ಯೂಸ್ ಮತ್ತು ಸ್ವಿಚ್ ನೋಡಬೇಕು. ಲೈಟ್ ಬಂದು ಶಬ್ದ ಬರದಿದ್ದರೆ ಸೊಲೆನಾಯ್ಡ್ ಅಥವಾ ಅದರ ವೈರ್. ಎರಡೂ ಇದ್ದು ಲಿವರ್ ಬರದಿದ್ದರೆ ಆಗ ಲಿವರ್, ಕೇಬಲ್ ಕಡೆ ಕೈ ಹಾಕಬೇಕು. ನಿಮ್ಮ ವರ್ಕ್‌ಶಾಪ್ ಕೊನೆಯದರಿಂದ ಶುರುಮಾಡಿ ಅಲ್ಲೇ ನಿಲ್ಲಿಸಿತು. ಇನ್ನೊಂದು ವಿಷಯ: ಬಟನ್ ಸ್ಟಾರ್ಟ್ ಗಾಡಿಯಾಗಿದ್ದರೆ ಬ್ರೇಕ್ ಒತ್ತಿದ್ದು ಗೊತ್ತಾಗದೆ ಸ್ಟಾರ್ಟೇ ಆಗುತ್ತಿರಲಿಲ್ಲವಂತೆ. ನನ್ನದು ಕೀ ಗಾಡಿ. ಸ್ಟಾರ್ಟ್ ಆಗುತ್ತದೆ, ಒಮ್ಮೆ ‘ಡಿ’ಗೆ (ಡ್ರೈವ್) ಬಿದ್ದ ಮೇಲೆ ಈ ಬೀಗದ ಪ್ರಶ್ನೆಯೇ ಇಲ್ಲ. ದಾರಿಯ ಮಧ್ಯೆ ಬ್ರೇಕ್ ಲೈಟ್ ಕೈಕೊಟ್ಟರೆ ಓಡಿಸುವವರಿಗೆ ಸುಳಿವೇ ಸಿಗುವುದಿಲ್ಲ. ಅದಕ್ಕೇ ನೋಡಬೇಕಾದವರು ನೀವು.

ನನಗೆ ಬೇಕಾಗಿರುವುದನ್ನು ನೇರವಾಗಿ ಹೇಳುತ್ತೇನೆ. ಅಸೆಂಬ್ಲಿಯ 31,860 ರೂಪಾಯಿ ವಾಪಸ್ ಕೊಡಿ. ಕೆಟ್ಟಿರದ ಪಾರ್ಟ್ ಬದಲಾಯಿಸಿದ್ದಕ್ಕೆ ನಾನು ಕೊಡಬೇಕಾದ ದುಡ್ಡಲ್ಲ ಅದು. ಟೋ ಖರ್ಚು ಕೇಳುತ್ತಿಲ್ಲ, ಸ್ವಿಚ್ಚಿನ 850 ರೂಪಾಯಿಯನ್ನೂ ಕೇಳುತ್ತಿಲ್ಲ. ಸ್ವಿಚ್ ಸವೆಯುವ ವಸ್ತು, ಅದು ನಿಮ್ಮ ತಪ್ಪಲ್ಲ. ನನ್ನ ಜಾಬ್ ಕಾರ್ಡಿನಲ್ಲಿ ಬ್ರೇಕ್ ಲೈಟ್ ಪರೀಕ್ಷೆಯ ಎದುರು ಟಿಕ್ ಗುರುತು ಇದೆ. ಅದನ್ನು ಯಾರು ಹಾಕಿದರು, ಗಾಡಿಯ ಹಿಂದೆ ಹೋಗಿ ನಿಂತು ನೋಡಿ ಹಾಕಿದರಾ ಎಂಬುದಕ್ಕೆ ಬರವಣಿಗೆಯಲ್ಲಿ ಉತ್ತರ ಬೇಕು. ಜೊತೆಗೆ ಹೆಲ್ಪ್‌ಲೈನಿನವರು ಇಂಥ ಕರೆ ಬಂದಾಗ ಮೊದಲು ಬ್ರೇಕ್ ಲೈಟ್ ಬಗ್ಗೆ ಕೇಳುವಂತೆ ಮಾಡಿ. ಗಾಡಿ ಡೆಲಿವರಿ ಕೊಡುವಾಗ ಆ ಮುಚ್ಚಳ ಎಲ್ಲಿದೆ ಎಂದು ಪ್ರತಿಯೊಬ್ಬರಿಗೂ ತೋರಿಸಿ. ಹಾಗೆ ಬೀಗ ಬಿಡಿಸಿಕೊಂಡವರು ಬ್ರೇಕ್ ಲೈಟ್ ನೋಡದೆ ರಸ್ತೆಗೆ ಇಳಿಯಬಾರದು ಎಂದೂ ಹೇಳಿ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಎಂದು ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಜೊತೆ ಜಗಳ ಆಡುವ ಆಸೆ ನನಗಿಲ್ಲ. ನಿಮ್ಮ ಗಾಡಿ ನನಗೆ ಇಷ್ಟ, ಇನ್ನೂ ಓಡಿಸಬೇಕು.

ಎರಡೂ ಬಿಲ್, ಜಾಬ್ ಕಾರ್ಡ್ ಮತ್ತು ಸುಟ್ಟ ಪಿನ್‌ನ ಫೋಟೋ ಜೊತೆಗಿಟ್ಟಿದ್ದೇನೆ. ಸ್ವಿಚ್ ನನ್ನ ಹತ್ತಿರವೇ ಇದೆ, ಯಾರಿಗೂ ಕೊಡುವುದಿಲ್ಲ. ನಿಮ್ಮ ಇಂಜಿನಿಯರ್ ಯಾವತ್ತು ಬೇಕಾದರೂ ಮನೆಗೆ ಬಂದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕಿ