ಬಿಷಪ್ಪನಿಗೊಂದು ಪತ್ರ, ಊರವರೂ ಓದಬಹುದು

ಏ ಬಿಷಪ್ಪಾ,

ಫೋನ್ ಮಾಡಿದ್ರೆ ನೀನು ಎತ್ತುವುದಿಲ್ಲ, ಎತ್ತಿದ್ರೂ "ಡ್ಯೂಟಿಯಲ್ಲಿದ್ದೇನೆ ಮಾರಾಯ" ಹೇಳಿ ಇಡ್ತಿ, ಹಾಗಾಗಿ ಎಲ್ಲರ ಎದುರಿಗೇ ಬರೀತಿದ್ದೇನೆ. ಸುಮ್ನೆ ಲೈಕ್ ಒತ್ತಿ ಓಡ್ಬೇಡ, ಪೂರ್ತಿ ಓದು. ಉಳಿದವರೂ ಓದಿ (ಇವ ನಿಜವಾದ ಬಿಷಪ್ ಅಲ್ಲ, ನನ್ನ ಶಾಲೆಯ ದೋಸ್ತಿ), ತೊಂದರೆ ಇಲ್ಲ, ಆದ್ರೆ ಮೂರನೇ ಬೆಲ್ಲಿನ ಕತೆ ಎಂತದ್ದು ಅಂತ ಕಮೆಂಟಲ್ಲಿ ಕೇಳ್ಬೇಡಿ. ಅದು ನಮ್ಮ ಜೊತೆಗೇ ಮಣ್ಣಿಗೆ ಹೋಗುವಂಥದ್ದು.

ವಿಷಯ ಎಂತ ಅಂದ್ರೆ, ಬೆಂಗ್ಳೂರಿಂದ ಆಫೀಸಿನವರು ಬಂದಿದ್ರು, ಅವರನ್ನು ಮಂಗಳೂರಿನ ಸೈಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್ ತೋರಿಸ್ಲಿಕ್ಕೆ ಕರ್ಕೊಂಡು ಹೋದೆ. ನಾವು ಓದಿದ್ದು ಅಲ್ಲಿ ಅಲ್ಲ ಬಿಡು, ನಮ್ಮದು ಹಂಚಿನ ಮಾಡಿನ ಇಗರ್ಜಿ (ಚರ್ಚ್) ಶಾಲೆ, ಕ್ವಿಜ್ಜಿಗೆ ಅಂತ ಅಲ್ಲಿಗೆ ಹೋಗಿ ಆ ಕಾರಿಡಾರ್ ನೋಡಿಯೇ ಅರ್ಧ ಉತ್ತರ ಮರ್ತವರು. ಆದ್ರೂ ಗೈಡ್ ಆಗಿ ಮಿಂಚಿದೆ. ಆಂಟೋನಿಯೊ ಮೊಸ್ಕೇನಿ, ಇಟಲಿಯ ಬೆರ್ಗಮೊ ಹತ್ರದವ, 1898ರಲ್ಲಿ ಇಲ್ಲಿಗೆ ಬಂದು ಆಮೇಲೆ ಈ ಗೋಡೆ, ಆ ಮೇಲಿನದ್ದು, ಎಲ್ಲ ಚಿತ್ರ ಬಿಡಿಸಿದ್ದು, 1905ರಲ್ಲಿ ಕೊಚ್ಚಿಯಲ್ಲಿ ತೀರಿಹೋದ ಅಂತೆಲ್ಲ ಹೇಳ್ತಾ ಇರುವಾಗ ಒಬ್ಳು ಕೇಳಿದ್ಳು, ಅಲ್ಲ ಸಾರ್, ಇಟಲಿಯವರು ಅಷ್ಟು ದೂರದಿಂದ ಬಂದು ಮಂಗಳೂರಲ್ಲಿ ಸ್ಕೂಲ್ ಯಾಕೆ ತೆಗೆದ್ರು? ನಾನು "ಅವರ ಕೆಲಸವೇ ಅದಲ್ವಾ" ಅಂತ ಏನೋ ಒಂದು ಬಿಟ್ಟೆ. ಮನೆಗೆ ಬಂದು ಓದ್ಲಿಕ್ಕೆ ಕೂತವ ಎದ್ದದ್ದು ಮಧ್ಯರಾತ್ರಿ ಕಳೆದ ಮೇಲೆ.

ಹಡಗಿನಲ್ಲಿ ಬಂದ್ರು, ಗುಡ್ಡೆ ನೋಡಿದ್ರು, ಕಟ್ಟಿದ್ರು ಅಂತ ನನ್ನ ಅಂದಾಜು ಇದ್ದದ್ದು. ಅಲ್ಲ ಮಾರಾಯ. ಕರೆಸಿದ್ದು ನಿಮ್ಮವರೇ, ಮಂಗಳೂರಿನ ಕಥೊಲಿಕರು. 1784ರಲ್ಲಿ ಟಿಪ್ಪು ನಿಮ್ಮ ಹಿರಿಯರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ನಿನ್ನ ಅಜ್ಜಿ ಹೇಳ್ತಿದ್ರಲ್ಲ, 1799ರ ನಂತರ ಉಳಿದವರು ವಾಪಸು ಬಂದು ಸೊನ್ನೆಯಿಂದ ಶುರು ಮಾಡಿದ್ದು. ಆಮೇಲೆ ಬ್ರಿಟಿಷರ ಆಳ್ವಿಕೆ, ಕಚೇರಿ ಕೆಲಸ ಬೇಕಾದ್ರೆ ಇಂಗ್ಲಿಷ್ ಬೇಕು. ಇಂಗ್ಲಿಷ್ ಶಾಲೆ ಯಾರದ್ದುಂಟು? 1834ರಲ್ಲಿ ಬಂದ ಬಾಸೆಲ್ ಮಿಶನಿನವರದ್ದು. ಶಾಲೆ, ಹಂಚಿನ ಕಾರ್ಖಾನೆ, ಪ್ರೆಸ್ಸು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ, ಎಲ್ಲ ಅವರದ್ದೇ. ಆದ್ರೆ ಅವರು ಪ್ರೊಟೆಸ್ಟೆಂಟರು! ಮಕ್ಕಳನ್ನು ಅಲ್ಲಿಗೆ ಕಳಿಸಿದ್ರೆ ಎಲ್ಲಿ ಕೈತಪ್ಪಿ ಹೋಗ್ತಾರೋ ಅಂತ ಹೆದರಿಕೆ, ಕಳಿಸದಿದ್ರೆ ಗುಮಾಸ್ತೆ ಕೆಲಸವೂ ಇಲ್ಲ. ಹಾಗೆ ಊರಿನ ಕಥೊಲಿಕರು ರೋಮಿಗೆ ಅರ್ಜಿ ಹಾಕಿದ್ರು, ನಮಗೆ ಜೆಸುಯಿಟ್ (ಶಾಲೆ ಕಾಲೇಜು ನಡೆಸುವ ಕಥೊಲಿಕ ಸಂಘ) ಪಾದ್ರಿಗಳನ್ನು ಕಳಿಸಿ, ಕಾಲೇಜು ತೆಗೆಯಿರಿ ಅಂತ. 1878ರಲ್ಲಿ ಹದಿಮೂರನೇ ಲಿಯೊ ಪೋಪ್ ಒಪ್ಪಿದ್ರು, ಅದೇ ವರ್ಷ ಡಿಸೆಂಬರ್ 31ಕ್ಕೆ ಮೊದಲ ತಂಡ ಬಂತು, 1880ರ ಜನವರಿ 12ಕ್ಕೆ ಕೊಡಿಯಾಲಬೈಲಿನಲ್ಲಿ ಕ್ಲಾಸು ಶುರು. ಗುಡ್ಡೆಯ ಮೇಲಿನ ಜಾಗ ಲೋಬೊ ಪ್ರಭುಗಳು ಕೊಟ್ಟದ್ದು, ಕೆಂಪು ಕಟ್ಟಡ ಆದದ್ದು 1885ರಲ್ಲಿ. ಮೊಸ್ಕೇನಿ ಬರುವಾಗ ಶಾಲೆಗೆ ಹದಿನೆಂಟು ವರ್ಷ ಆಗಿತ್ತು.

ಆ ಮೊದಲ ತಂಡದಲ್ಲಿ ಇದ್ದವರನ್ನು ನೋಡ್ಬೇಕು ನೀನು. ಮುಲ್ಲರ್ ಅಂತ ಒಬ್ರು ಜರ್ಮನಿಯವರು, ಪಾಠ ಮಾಡ್ಲಿಕ್ಕೆ ಬಂದವರು, ಬಡವರಿಗೆ ಹೋಮಿಯೋಪತಿ ಗುಳಿಗೆ ಕೊಡ್ಲಿಕ್ಕೆ ಶುರು ಮಾಡಿ ಕೊನೆಗೆ ಕಂಕನಾಡಿಯ ಅಷ್ಟು ದೊಡ್ಡ ಆಸ್ಪತ್ರೆಗೆ ಬುನಾದಿ ಹಾಕಿದ್ರು (ನಿನ್ನ ಕೈ ಮುರಿದಾಗ ಹೋದದ್ದು ಅಲ್ಲಿಗೇ, ಯಾಕೆ ಮುರಿದದ್ದು ಅಂತ ಇಲ್ಲಿ ಹೇಳುವುದಿಲ್ಲ). ಮಾಫೆಯಿ ಅಂತ ಇನ್ನೊಬ್ರು, ಇಟಲಿಯವರು, 1882ರಲ್ಲಿ ಕೊಂಕಣಿ ವ್ಯಾಕರಣ ಬರೆದ್ರು. ಅದು ಪ್ರಿಂಟ್ ಆದದ್ದು ಎಲ್ಲಿ ಗೊತ್ತುಂಟಾ? ಬಾಸೆಲ್ ಮಿಶನ್ ಪ್ರೆಸ್ಸಲ್ಲಿ! ಯಾರ ಶಾಲೆ ಬೇಡ ಅಂತ ಇಷ್ಟೆಲ್ಲ ಒದ್ದಾಡಿದ್ರೋ ಅವರದ್ದೇ ಅಚ್ಚಿನ ಮೊಳೆ. ನನಗೆ ಇದನ್ನು ಓದಿ ನಗುವೋ ನಗು, ನಮ್ಮ ಊರು ಇರುವುದೇ ಹಾಗಲ್ವಾ ಅಂತ.

ನಕ್ಕದ್ದು ಅಲ್ಲಿಗೇ ನಿಂತಿದ್ರೆ ಈ ಪತ್ರ ಬರೀತಿರ್ಲಿಲ್ಲ.

ನಮ್ಮ ದೊಡ್ಡ ಮಾವ ನಿನಗೆ ನೆನಪಿರ್ಬೇಕು, ಮೊಂತಿ ಫೆಸ್ತಿಗೆ (ಮರಿಯಮ್ಮನ ಹುಟ್ಟುಹಬ್ಬಕ್ಕೆ) ನಿಮ್ಮಲ್ಲಿಗೆ ಬಂದು ಎರಡೆರಡು ಸಲ ಪಾಯಸ ಹಾಕಿಸ್ಕೊಂಡವರು. ಈಗ ಅವರು ನಮ್ಮ ಫ್ಯಾಮಿಲಿ ಗ್ರೂಪಿನ ಮುಖ್ಯ ಫಾರ್ವರ್ಡ್ ಅಧಿಕಾರಿ. ಬೆಳಿಗ್ಗೆ ಗುಡ್ ಮಾರ್ನಿಂಗ್ ಹೂವು, ಅದರ ಕೆಳಗೆ ಕಾನ್ವೆಂಟಿನವರು ನಮ್ಮ ಮಕ್ಕಳನ್ನು ಹಾಳು ಮಾಡ್ತಿದ್ದಾರೆ ಅಂತ ಒಂದು ಉದ್ದ ಮೆಸೇಜು. ಸಂಜೆ ನನಗೆ ಪ್ರೈವೇಟಾಗಿ ಫೋನು: ಮೊಮ್ಮಗನಿಗೆ ಎಂಟನೇ ಕ್ಲಾಸಿಗೆ ಫಾದರ್ ಶಾಲೆಯಲ್ಲಿ ಒಂದು ಸೀಟು ಮಾಡಿಸ್ಲಿಕ್ಕೆ ಆಗ್ತದಾ, ಅಲ್ಲಿ ಶಿಸ್ತು ಒಳ್ಳೆದುಂಟಂತೆ. 1870ರ ದಶಕದ ನಿಮ್ಮವರಿಗೂ ನಮ್ಮ ಮಾವನಿಗೂ ವ್ಯತ್ಯಾಸ ಎಂತದ್ದು ಹೇಳು? ಅದೇ ಇಂಗ್ಲಿಷಿನ ಆಸೆ, ಮಕ್ಕಳು ಕೈತಪ್ಪುವ ಅದೇ ಹೆದರಿಕೆ. ಮಾವನನ್ನು ತಮಾಷೆ ಮಾಡುವುದು ಸುಲಭ. ಆದ್ರೆ ಆ ಮೆಸೇಜಿನ ಕೆಳಗೆ ಒಂದು ಹೆಬ್ಬೆಟ್ಟು ಇರ್ತದಲ್ಲ, ಅದ್ರಲ್ಲಿ ನನ್ನದೂ ಉಂಟು. ಜಗಳ ಯಾಕೆ ಅಂತ.

ಇನ್ನೊಂದು ಹೇಳ್ತೇನೆ, ಹೇಳ್ಬಾರ್ದು ಅಂತಲೇ ಇದ್ದೆ. ಹೋದ ತಿಂಗಳು ನಮ್ಮಲ್ಲಿ ಪೂಜೆ, ಎಲ್ಲ ಊಟಕ್ಕೆ ಕೂತಿದ್ದಾರೆ, ನನ್ನ ಮಗಳು ಎಲೆಯ ಎದುರು ಕಣ್ಣು ಮುಚ್ಚಿ ಶಾಲೆಯಲ್ಲಿ ಮಾಡುವ ಹಾಗೆ ಹಣೆ, ಎದೆ, ಭುಜ ಮುಟ್ಟಿ ಗ್ರೇಸ್, ಅಂದ್ರೆ ಊಟದ ಮುಂಚಿನ ಪ್ರಾರ್ಥನೆ, ಹೇಳಿದ್ಳು. ಪಂಕ್ತಿ ಇಡೀ ಸೈಲೆಂಟ್. ನಾನು ನಕ್ಕು "ಅದೆಲ್ಲ ಶಾಲೆಯಲ್ಲಿ ಮಾತ್ರ ಪುಟ್ಟಾ" ಅಂದೆ. ಅವಳು "ಯಾಕೆ" ಕೇಳಿದ್ಳು, ನಾನು ಸಾಂಬಾರು ಬಡಿಸುವವನನ್ನು ಕರೆದೆ. ನನಗೆ ಆಗ ಆದದ್ದು ಸಿಟ್ಟಲ್ಲ, ಹೆದರಿಕೆ. ಯಾರ ಹೆದರಿಕೆ? ಮಾವನದ್ದು, ಚಿಕ್ಕಮ್ಮನದ್ದು, ನನ್ನನ್ನು ಎತ್ತಿ ಆಡಿಸಿದವರದ್ದು. ಅದೂ ಯಾರಿಗೆ, ಹತ್ತನೇ ಕ್ಲಾಸಿನ ಗಣಿತ ಪರೀಕ್ಷೆಯ ದಿನ ಮಾತೆ ಮರಿಯಮ್ಮನ ಗ್ರೊಟ್ಟೊ (ಗುಹೆಯ ಹಾಗಿನ ಗುಡಿ) ಎದುರು ನಿನಗಿಂತ ಜಾಸ್ತಿ ಹೊತ್ತು ನಿಂತವನಿಗೆ. ನೀನು ಅದನ್ನು ಯಾರಿಗೂ ಹೇಳ್ಲಿಲ್ಲ. ನಿನಗೆ ಕಾಟೆಕಿಸಂ (ನಿಮ್ಮ ಧರ್ಮದ ಪಾಠ) ಇದ್ದಾಗ ನಮಗೆ ಮಾರಲ್ ಸೈನ್ಸ್, ಆ ಗೋಡೆಯ ಆಚೆ ಏನು ಹೇಳಿಕೊಡ್ತಾರೆ ಅಂತ ನನಗೆ ಎಷ್ಟು ಹೊಟ್ಟೆಕಿಚ್ಚು ಇತ್ತು ಅಂದ್ರೆ... ಇರ್ಲಿ ಬಿಡು.

ಆ ಚಾಪೆಲಿನಲ್ಲಿ ಸಂತ ಅಲೋಶಿಯಸ್ ಪ್ಲೇಗಿನವರ ಸೇವೆ ಮಾಡುವ ಚಿತ್ರ ಉಂಟು. ರಾಜಮನೆತನದವ, ಎಲ್ಲ ಬಿಟ್ಟು ಬಂದು ರೋಮಿನಲ್ಲಿ ಪ್ಲೇಗ್ ರೋಗಿಗಳ ಚಾಕರಿ ಮಾಡಿ 1591ರಲ್ಲಿ ತೀರಿಕೊಂಡಾಗ ಪ್ರಾಯ 23. ನನಗೆ ಅದರ ಡಬ್ಬಲ್ ಆಗ್ತಾ ಬಂತು, ಒಂದು ವಾಟ್ಸಾಪ್ ಗ್ರೂಪಿಂದ ಎಕ್ಸಿಟ್ ಆಗ್ಲಿಕ್ಕೆ ಧೈರ್ಯ ಇಲ್ಲ.

ಓಹ್, ಜಾಸ್ತಿ ಸೆಂಟಿ ಆಯ್ತು. ರಾತ್ರಿ ಬಂಗುಡೆ ತಿಂದದ್ದು ಜಾಸ್ತಿ ಆಗಿರ್ಬೇಕು. ನೀನು ಇದಕ್ಕೆ "ಗಾಡ್ ಬ್ಲೆಸ್ ಯೂ ಮೈ ಚೈಲ್ಡ್" ಅಂತ ಕಮೆಂಟ್ ಹಾಕಿದ್ರೆ ಮೂರನೇ ಬೆಲ್ಲಿನ ಫೋಟೋ ಇಲ್ಲೇ ಹಾಕ್ತೇನೆ, ಹುಷಾರ್.

ಮತ್ತೆ ಒಂದು ವಿಷಯ, ಸುಮ್ನೆ ಕೇಳಿದ್ದು, ಅರ್ಜೆಂಟ್ ಎಂತ ಇಲ್ಲ. ನಿನ್ನ ಚಿಕ್ಕಪ್ಪ ಫಾದರ್ ಈಗ ಯಾವ ಇಗರ್ಜಿಯಲ್ಲಿದ್ದಾರೆ? ಅವರಿಗೆ ಆ ಹೆಡ್‌ಮಾಸ್ಟರ್ ಗುರ್ತ ಉಂಟಾ? ಎಂಟನೇ ಕ್ಲಾಸಿನ ಫಾರ್ಮಿಗೆ ಶುಕ್ರವಾರ ಲಾಸ್ಟ್ ಡೇಟಂತೆ, ಮಾವ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿ ಆಯ್ತು.