ನಿನ್ನ 'ಯಾಕೆ'ಗೆ ಒಂದು ಉದ್ದದ ಉತ್ತರ

ಪ್ರೀತಿಯ ಕೊಡೆ ಮಂತ್ರಿಗಳೇ,

(ಹೌದು, ಎಲ್ಲರೆದುರೂ ಹಾಗೇ ಕರೆಯುತ್ತೇನೆ. ಓದುವವರು ಕೇಳಿದರೆ ನೀನೂ ಬಾಯಿ ಬಿಡಬೇಡ.)

ಗರ್ಭನಿರೋಧಕ ಮಾತ್ರೆ ಶುರು ಮಾಡೋದಾ ಬೇಡವಾ ಅಂತ ಯೋಚಿಸುತ್ತಿದ್ದೇನೆ ಅಂದಾಗ ನೀನು ಕೇಳಿದ್ದು ಇಷ್ಟೇ: "ಯಾಕೆ?" ಅದರಲ್ಲಿ ಕೊಂಕು ಇರಲಿಲ್ಲ, ನನಗೆ ಗೊತ್ತು. ತಿಳಿಯದೆ ಕೇಳಿದೆ. ಆದರೂ ನನ್ನ ಬೆರಳು ತಡಮಾಡದೆ ಉತ್ತರ ಬರೆದುಬಿಟ್ಟಿತು: "ಅಯ್ಯೋ, ಅದಕ್ಕಲ್ಲ ಕಣೋ. ಹೊಟ್ಟೆನೋವಿಗೆ." ನೀನು ಸರಿ ಅಂದು ಮಲಗಿದೆ. ನನಗೆ ನಿದ್ದೆ ಬರಲಿಲ್ಲ. ಆ ಉತ್ತರ ಸುಳ್ಳಲ್ಲ. ಆದರೂ ಅಷ್ಟಕ್ಕೇ ಬಿಡಲು ಮನಸ್ಸು ಒಪ್ಪುತ್ತಿಲ್ಲ. ಇದನ್ನು ಎಲ್ಲರೂ ಓದುವ ಹಾಗೆ ಹಾಕಲಾ ಅಂತ ಕೇಳಿದಾಗ ನೀನು ಹೂಂ ಅಂದಿದ್ದು ಒಳ್ಳೆಯದಾಯಿತು. ನಮ್ಮ ವಯಸ್ಸಿನ ಹುಡುಗಿಯರು ಓದಲಿ ಅಂತ ನನ್ನ ಆಸೆ. ಹುಡುಗರೂ ಓದಲಿ.

ತಿಂಗಳಿಗೆ ಒಂದೆರಡು ದಿನ ನಾನು ಕಾಲೇಜಿಗೆ ಬರುವುದಿಲ್ಲ ಅನ್ನುವುದಷ್ಟೇ ನಿನಗೆ ಗೊತ್ತು. ಆ ದಿನ ಬೆಳಿಗ್ಗೆ ಕಿಬ್ಬೊಟ್ಟೆಯಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗೆ ಶುರುವಾಗುತ್ತದೆ. ಆಮೇಲೆ ಸೊಂಟ, ತೊಡೆ. ಆಮೇಲೆ ವಾಂತಿ. ಬಚ್ಚಲಿನ ನೆಲಕ್ಕೆ ಕೆನ್ನೆ ಒತ್ತಿ ಮಲಗಿದರೆ ಆ ತಂಪಿಗೆ ಸ್ವಲ್ಪ ಹಾಯೆನಿಸುತ್ತದೆ. ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ತಯಾರಾಗುತ್ತದಂತೆ. ಗರ್ಭಕೋಶ ಬಿಗಿದು ಹಿಂಡುವುದು ಅದರಿಂದಲೇ. ಅದು ಜಾಸ್ತಿಯಾದರೆ ನೋವೂ ಜಾಸ್ತಿ. ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಥರದ ಮಾತ್ರೆಗಳು ಆ ರಾಸಾಯನಿಕ ತಯಾರಾಗುವುದನ್ನೇ ತಡೆಯುತ್ತವೆ. ಅದಕ್ಕೇ ಅವನ್ನು ನೋವು ಏರುವ ಮೊದಲೇ ನುಂಗಬೇಕು. ಎಷ್ಟೋ ಹುಡುಗಿಯರಿಗೆ ಅಷ್ಟೇ ಸಾಕಾಗುತ್ತದೆ. ನನಗೆ ಸಾಕಾಗಲಿಲ್ಲ. ಆಗ ಡಾಕ್ಟರು ಹೇಳಿದ್ದು ಈ ಮಾತ್ರೆ.

ಇದರಲ್ಲಿ ಈಸ್ಟ್ರೋಜನ್, ಪ್ರೊಜೆಸ್ಟಿನ್ ಅಂತ ಎರಡು ಹಾರ್ಮೋನುಗಳಿರುತ್ತವೆ. ತಿಂಗಳಿಗೊಮ್ಮೆ ಅಂಡಾಣು ಹೊರಬರುವುದನ್ನು ಅವು ನಿಲ್ಲಿಸುತ್ತವೆ. ಗರ್ಭಕೋಶದ ಒಳಪದರ ದಪ್ಪವಾಗಲು ಬಿಡುವುದಿಲ್ಲ. ಪದರ ತೆಳುವಾದರೆ ಆ ನೋವಿನ ರಾಸಾಯನಿಕವೂ ಕಡಿಮೆ, ಹೋಗುವ ರಕ್ತವೂ ಕಡಿಮೆ. ಗರ್ಭ ತಡೆಯುವ ಮಾತ್ರೆಯಿಂದ ಹೊಟ್ಟೆನೋವು ಹೇಗೆ ಕಡಿಮೆಯಾಗುತ್ತದೆ ಅಂತ ನಿನಗೆ ಅನ್ನಿಸಿದ್ದರೆ, ಇದೇ ಉತ್ತರ.

ಡಾಕ್ಟರ ಕೋಣೆಯಲ್ಲಿ ಆದದ್ದನ್ನು ಹೇಳಲೇಬೇಕು. ಅಮ್ಮ ಜೊತೆಗಿದ್ದಳು. ಕುರ್ಚಿ ಎಳೆದುಕೊಳ್ಳುವ ಮುಂಚೆಯೇ ಅವಳು ಹೇಳಿದಳು, "ಇವಳಿಗೆ ಹೊಟ್ಟೆನೋವಿಗೆ ಮಾತ್ರ ಡಾಕ್ಟ್ರೇ, ಬೇರೆ ಏನೂ ಇಲ್ಲ." ಡಾಕ್ಟರು ನಗಲಿಲ್ಲ, ಗದರಲೂ ಇಲ್ಲ. ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಾ, "ಯಾವ ಕಾರಣಕ್ಕೆ ಬಂದರೂ ನಾನು ಕೇಳುವುದು ಇವೇ ಪ್ರಶ್ನೆ" ಅಂದರು. ತಲೆನೋವು ಬರುವ ಮೊದಲು ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿನುಗುತ್ತವಾ? ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತಾ? ಲಿವರ್ ತೊಂದರೆ? ಸಿಗರೇಟು? ಫಿಟ್ಸ್‌ಗೆ, ಟಿಬಿಗೆ ಏನಾದರೂ ಮಾತ್ರೆ? ಒಂದೊಂದಕ್ಕೂ ಕಾರಣವಿದೆ. ಆ ಮಿನುಗುವ ಗೆರೆಯ ಮೈಗ್ರೇನ್ ಇದ್ದವರಿಗೆ ಈಸ್ಟ್ರೋಜನ್ ಕೊಟ್ಟರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ, ಅದಕ್ಕೆ ಅವರಿಗೆ ಈ ಜಾತಿಯ ಮಾತ್ರೆ ಕೊಡುವುದಿಲ್ಲ. ಟಿಬಿಯ ರಿಫಾಂಪಿಸಿನ್, ಫಿಟ್ಸ್‌ನ ಕೆಲವು ಮಾತ್ರೆಗಳು ಇದರ ಶಕ್ತಿಯನ್ನೇ ಕುಂದಿಸುತ್ತವೆ. ಒಳಗಿನ ಪರೀಕ್ಷೆ ಮಾಡುತ್ತಾರೇನೋ ಅಂತ ನಾನು ಹೆದರಿಕೊಂಡೇ ಹೋಗಿದ್ದೆ. ಬರೀ ಈ ಮಾತ್ರೆ ಶುರು ಮಾಡಲು ಅದು ಬೇಕಿಲ್ಲವಂತೆ. ಇದನ್ನು ಓದುತ್ತಿರುವ ಹುಡುಗಿಯರಿಗೆ ಈ ಒಂದು ಮಾತು ಮೊದಲೇ ತಿಳಿದಿರಲಿ.

ರಕ್ತ ಹೆಪ್ಪುಗಟ್ಟುವ ಮಾತು ಕೇಳಿ ಅಮ್ಮ ಗಾಬರಿಯಾದಳು. ನಾನು ಅಂಕಿ ಹುಡುಕಿ ಅವಳಿಗೆ ತೋರಿಸಿದೆ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ಹಾಗಾಗುತ್ತದೆ. ತೆಗೆದುಕೊಳ್ಳುವವರಲ್ಲಿ ಮಾತ್ರೆಯ ಬಗೆ ನೋಡಿಕೊಂಡು 5ರಿಂದ 12. ಬಸುರಿಯರಲ್ಲಿ ಅದಕ್ಕಿಂತಲೂ ಜಾಸ್ತಿ. ಅಪಾಯ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ. ಮೊದಲ ವರ್ಷದಲ್ಲೇ ಹೆಚ್ಚು. ಒಂದೇ ಕಾಲು ಊದಿ ನೋಯುವುದು, ಇದ್ದಕ್ಕಿದ್ದಂತೆ ಎದೆನೋವು, ಉಸಿರು ಸಿಕ್ಕಿಕೊಳ್ಳುವುದು ಕಂಡರೆ ಕಾಯುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ಇದನ್ನು ನೀನೂ ನೆನಪಿಟ್ಟುಕೋ.

ದಪ್ಪ ಆಗ್ತೀಯ, ಮುಂದೆ ಮಕ್ಕಳಾಗಲ್ಲ ಅಂತ ಹೆದರಿಸಿದವರೂ ಇದ್ದಾರೆ. ಈ ಎರಡು ಹಾರ್ಮೋನಿನ ಮಾತ್ರೆಯಿಂದ ತೂಕ ಗಣನೀಯವಾಗಿ ಏರುತ್ತದೆ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಬಿಟ್ಟ ಕೆಲವೇ ತಿಂಗಳಲ್ಲಿ ಬಹಳಷ್ಟು ಜನರಿಗೆ ಅಂಡಾಣು ಮೊದಲಿನಂತೆ ಬರತೊಡಗುತ್ತದೆ. ಓಕರಿಕೆ, ಸ್ತನ ನೋಯುವುದು, ನಡುನಡುವೆ ರಕ್ತದ ಕಲೆ ಕಾಣುವುದು ನಿಜ. ಅವು ಮೊದಲ ಮೂರು ತಿಂಗಳಲ್ಲಿ ಹೆಚ್ಚು, ಆಮೇಲೆ ಸಾಮಾನ್ಯವಾಗಿ ತಗ್ಗುತ್ತವೆ.

ಮಾತ್ರೆಯ ಶೀಟು ಈಗ ನನ್ನ ಮೇಜಿನ ಮೇಲಿದೆ. ಇನ್ನೂ ಒಡೆದಿಲ್ಲ. ಒಂದೊಂದು ಗುಳಿಗೆ ಬೆರಳ ತುದಿಯಲ್ಲಿ ಕಳೆದುಹೋಗುವಷ್ಟು ಚಿಕ್ಕದು. ಯಾವುದಾದ ಮೇಲೆ ಯಾವುದು ಅಂತ ಬಾಣದ ಗುರುತು ಹಾಕಿದ್ದಾರೆ. 21ರಲ್ಲಿ ಹಾರ್ಮೋನು ಇದೆ. ಕೊನೆಯ ಸಾಲಿನ 7 ಬೇರೆ ಬಣ್ಣ, ಅವುಗಳಲ್ಲಿ ಹಾರ್ಮೋನು ಇಲ್ಲ, ದಿನಾ ನುಂಗುವ ರೂಢಿ ತಪ್ಪದಿರಲಿ ಅಂತ ಇಟ್ಟಿದ್ದು. ಆ ವಾರ ಬರುವ ರಕ್ತ ನಿಜವಾದ ಮುಟ್ಟಲ್ಲ, ಹಾರ್ಮೋನು ನಿಂತದ್ದಕ್ಕೆ ಬರುವ ಸ್ರಾವ. ಇದು ಗೊತ್ತಾದಾಗ ನನಗೆ ಎಷ್ಟು ಆಶ್ಚರ್ಯವಾಯಿತು ಗೊತ್ತಾ!

ಗರ್ಭ ತಡೆಯಲು ಅಂತಲೇ ತೆಗೆದುಕೊಳ್ಳುವವರಿಗೆ ಎರಡು ಮಾತು. ಒಂದೂ ತಪ್ಪದೆ ನುಂಗಿದರೆ ವರ್ಷದಲ್ಲಿ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಆದರೆ ಜನ ಮರೆಯುತ್ತಾರಲ್ವಾ, ಹಾಗಾಗಿ ನಿಜ ಬದುಕಿನಲ್ಲಿ ಅದು ಸುಮಾರು 7 ಆಗುತ್ತದೆ. ಲೈಂಗಿಕವಾಗಿ ಹರಡುವ ರೋಗಗಳನ್ನು ಈ ಮಾತ್ರೆ ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ತುರ್ತಿಗೆ ಅಂತ ನುಂಗುವ ಮಾತ್ರೆ ಬೇರೆ, ಇದು ಬೇರೆ.

ಈಗ ನನ್ನ ನಿದ್ದೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಓದುತ್ತಾ ಓದುತ್ತಾ ಸಿಕ್ಕಿದ್ದು ಇದು. ಈ ಜಾತಿಯ ಮೊದಲ ಮಾತ್ರೆ ಎನೋವಿಡ್‌ಗೆ ಅಮೆರಿಕದಲ್ಲಿ 1957ರಲ್ಲಿ ಒಪ್ಪಿಗೆ ಸಿಕ್ಕಿದ್ದು ಮುಟ್ಟಿನ ತೊಂದರೆಗಳಿಗೆ. ಗರ್ಭನಿರೋಧಕ ಅಂತ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. ನಡುವಿನ ಆ ವರ್ಷಗಳಲ್ಲಿ ಮುಟ್ಟಿನ ತೊಂದರೆ ಅಂತ ಡಾಕ್ಟರ ಬಳಿ ಹೋಗಿ ಅದನ್ನು ಕೇಳಿ ಪಡೆದ ಹೆಂಗಸರು ಲಕ್ಷಗಟ್ಟಲೆ. ಅವರಲ್ಲಿ ಎಷ್ಟು ಜನರಿಗೆ ನಿಜವಾಗಿ ಹೊಟ್ಟೆನೋವಿತ್ತೋ, ಎಷ್ಟು ಜನ ಹಾಗೆ ಹೇಳಲೇಬೇಕಾಯಿತೋ! ಮದುವೆಯಾಗದವರಿಗೂ ಗರ್ಭನಿರೋಧಕ ಪಡೆಯುವ ಹಕ್ಕಿದೆ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1972ರಲ್ಲಿ. ಜಪಾನಿನಲ್ಲಂತೂ ಈ ಮಾತ್ರೆಗೆ ಗರ್ಭನಿರೋಧಕ ಅಂತ ಒಪ್ಪಿಗೆ ಸಿಗಲು 1999 ಬರಬೇಕಾಯಿತು. ಅಲ್ಲಿಯೂ ಅದಕ್ಕೂ ಮೊದಲು ಮುಟ್ಟಿನ ತೊಂದರೆಗೆ ಅಂತ ಕೊಡುತ್ತಿದ್ದರು. ಇಷ್ಟು ವರ್ಷಗಳಾದ ಮೇಲೂ ನಾನು, ಅಮ್ಮ ಅದೇ ಮಾತು ಹಿಡಿದುಕೊಂಡು ಒಳಗೆ ಹೋಗಿದ್ದೇವೆ.

ನನಗೆ ನೋವಿದೆ, ಅದಕ್ಕೆ ನನ್ನ ಹತ್ತಿರ ಎಲ್ಲರೂ ಒಪ್ಪುವ ಕಾರಣ ಇದೆ. ನನ್ನದೇ ವಯಸ್ಸಿನ ಇನ್ನೊಬ್ಬಳು ಗರ್ಭ ಬೇಡ ಅನ್ನುವ ಒಂದೇ ಕಾರಣಕ್ಕೆ ಅದೇ ಕುರ್ಚಿಯಲ್ಲಿ ಕೂತರೆ? ಅವಳ ಬಿಪಿ ನೋಡುವವರು ಬೇಡವಾ? ಅವಳ ತಲೆನೋವಿನ ಬಗ್ಗೆ ಕೇಳುವವರು ಬೇಡವಾ? ನಾಚಿಕೊಂಡು ಯಾರನ್ನೂ ಕೇಳದೆ ಅಂಗಡಿಯಿಂದ ತಂದು ನುಂಗಿದರೆ ಅಪಾಯ ಅವಳಿಗೇ ಅಲ್ವಾ? "ಅದಕ್ಕಲ್ಲ" ಅಂತ ನಾವು ಜೋರಾಗಿ ಹೇಳಿದಷ್ಟೂ ಅವಳು ಆ ಬಾಗಿಲು ತಟ್ಟುವುದು ಕಷ್ಟವಾಗುತ್ತದೆ. ಮುಂದೊಂದು ದಿನ ಅವಳ ಕಾರಣವೇ ನನ್ನದೂ ಆಗಬಹುದು.

ಇನ್ನೂ ಒಂದಿದೆ. ಇದನ್ನು ಇಲ್ಲಿ ಬರೆಯಬೇಕು ಅಂತ ಶುರು ಮಾಡಿದಾಗ ಅಂದುಕೊಂಡಿರಲಿಲ್ಲ. ಡೆನ್ಮಾರ್ಕಿನಲ್ಲಿ 10 ಲಕ್ಷಕ್ಕೂ ಹೆಚ್ಚು ಹೆಂಗಸರ ದಾಖಲೆ ನೋಡಿ ಮಾಡಿದ ಅಧ್ಯಯನವೊಂದು 2016ರಲ್ಲಿ ಬಂತು. ಹಾರ್ಮೋನಿನ ಗರ್ಭನಿರೋಧಕ ಬಳಸುವವರಲ್ಲಿ ಖಿನ್ನತೆಯ ಮಾತ್ರೆ ಶುರು ಮಾಡಿದವರು ಹೆಚ್ಚು, ಅದರಲ್ಲೂ 15ರಿಂದ 19 ವಯಸ್ಸಿನವರಲ್ಲಿ ಇನ್ನೂ ಹೆಚ್ಚು ಅಂತ ಅದು ಹೇಳುತ್ತದೆ. ಮಾತ್ರೆಯೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಬಹಳಷ್ಟು ಹುಡುಗಿಯರಿಗೆ ಏನೂ ಆಗುವುದಿಲ್ಲ. ಆದರೆ ಕಳೆದ ವರ್ಷ ಪರೀಕ್ಷೆಯ ನಂತರ ನಾನು ಫೋನ್ ಎತ್ತದ ದಿನಗಳು ನಿನಗೆ ನೆನಪಿವೆ. ಓದಿನ ಸುಸ್ತು ಅಂತ ಎಲ್ಲರಿಗೂ ಹೇಳಿದ್ದೆ. ಸುಸ್ತಲ್ಲ ಅಂತ ನಿನಗೊಬ್ಬನಿಗೇ ಗೊತ್ತಿತ್ತು. ಹಾಸಿಗೆ ಬಿಟ್ಟು ಏಳಲು ಯಾವ ಕಾರಣವೂ ಕಾಣದ ದಿನಗಳು ಅವು. ರಕ್ತ ಹೆಪ್ಪುಗಟ್ಟುವುದಕ್ಕಿಂತ ಆ ದಿನಗಳು ವಾಪಸ್ ಬರುವುದಕ್ಕೆ ನನಗೆ ಜಾಸ್ತಿ ಭಯ.

ಆ ಕೋಣೆಯಲ್ಲಿ ಕೇಳಲೇಬೇಕಿದ್ದ ಪ್ರಶ್ನೆ ಇದು. ಆದರೆ ನಾವು ಇದ್ದ ಹೊತ್ತೆಲ್ಲ ನಾನು ಒಳ್ಳೆಯ ಹುಡುಗಿ ಅಂತ ಹೇಳುವುದರಲ್ಲೇ ಕಳೆಯಿತು. ಡಾಕ್ಟರು "ಬೇರೇನಾದರೂ ಕೇಳಬೇಕಾ?" ಅಂದಾಗ ಅಮ್ಮ ಆಗಲೇ ಎದ್ದು ನಿಂತಿದ್ದಳು.

ಹಾಗಾಗಿ ನನ್ನ ತೀರ್ಮಾನ ಹೀಗಿದೆ. ಶೀಟು ಒಡೆಯುವ ಮೊದಲು ಇನ್ನೊಮ್ಮೆ ಹೋಗುತ್ತೇನೆ. ಡಾಕ್ಟರ ಜೊತೆ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಬೇಕು ಅಂತ ಅಮ್ಮನಿಗೆ ಹೇಳಿದ್ದೇನೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಆಯ್ತು, ನಾನು ಹೊರಗೆ ಕೂರ್ತೀನಿ" ಅಂದಳು. ಅವಳ ಮೇಲೆ ನನಗೆ ಎಷ್ಟು ಪ್ರೀತಿ ಬಂತು ಅಂತ ಬರೆಯಲು ಆಗುವುದಿಲ್ಲ. ಹೋದ ವರ್ಷದ ಆ ದಿನಗಳ ಬಗ್ಗೆ ಎಲ್ಲ ಹೇಳುತ್ತೇನೆ. ಬೇಡ ಅಂದರೆ ಬೇರೆ ದಾರಿ ಕೇಳುತ್ತೇನೆ. ಶುರು ಮಾಡು ಅಂದರೆ ಮೂರು ತಿಂಗಳು ನೋಡುತ್ತೇನೆ, ದಿನಾ ಮನಸ್ಸು ಹೇಗಿದೆ ಅಂತ ಒಂದು ಸಾಲು ಬರೆದಿಡುತ್ತೇನೆ. ಸರಿಹೋಗದಿದ್ದರೆ ಬಿಡಬಹುದು, ಬೇರೆ ಬಗೆಯ ಮಾತ್ರೆಗೆ ಬದಲಾಯಿಸಲೂಬಹುದು. ಒಮ್ಮೆ ನುಂಗಿದರೆ ಜೀವನಪೂರ್ತಿ ಕಟ್ಟುಬಿದ್ದ ಹಾಗಲ್ಲ.

ನಿನ್ನಿಂದ ಒಂದು ಸಹಾಯ ಬೇಕು. ನನ್ನ ಮೆಸೇಜು ಚಿಕ್ಕದಾಗುತ್ತಾ ಬಂದರೆ, ನಾನು ಸುಮ್ನೆ "ಹೂಂ" ಅನ್ನತೊಡಗಿದರೆ, ನೀನು ಕೇಳಬೇಕು. ಏನಿಲ್ಲ ಅಂದರೂ ಮತ್ತೆ ಕೇಳಬೇಕು. ಕನ್ನಡಿಯಲ್ಲಿ ನನಗೆ ಕಾಣದಿರುವುದು ನಿನಗೆ ಬೇಗ ಕಾಣುತ್ತದೆ.

ಅಷ್ಟೇ. ಇದಕ್ಕಿಂತ ಜಾಸ್ತಿ ಗಂಭೀರವಾದರೆ ಮೂರನೇ ಬೆಂಚಿನ ಸಂವಿಧಾನ ಮುರಿದ ಹಾಗೆ, ಮತ್ತೆ ನೀನು ಹದಿನಾಲ್ಕನೇ ಕಲಮು ಓದಿ ಹೇಳುತ್ತೀಯ. ಶುರು ಮಾಡಿದರೆ ರಾತ್ರಿ ಒಂಬತ್ತಕ್ಕೆ ಅಲಾರಂ ಇಡುತ್ತೇನೆ. ಅದಕ್ಕೆ ಯಾವ ಹಾಡು ಅಂತ ಕೇಳಬೇಡ, ನಿನಗೆ ಗೊತ್ತು. ಹೌದು, ಅದೇ. ನೀನು ಅವತ್ತು ಹಾಡಿ ರೆಕಾರ್ಡ್ ಮಾಡಿದ್ದು ನನ್ನ ಹತ್ತಿರ ಇನ್ನೂ ಇದೆ. ಅದನ್ನು ಕೇಳಿದರೆ ಯಾರೂ ಮಾತ್ರೆ ಮರೆಯುವ ಹಾಗೇ ಇಲ್ಲ.

ಇಂತಿ,
ನಿನ್ನ ಖಜಾಂಚಿ